ಓವರ್‌ಹೆಡ್ ಪ್ರೆಸ್ 40 ಕೆಜಿ ದಾಟುತ್ತಿಲ್ಲ: ನಿಂತು ಮಾಡಲೋ, ಕೂತು ಮಾಡಲೋ?

ಹೊಸಬ: ಭುಜದಿಂದ ತಲೆ ಮೇಲಕ್ಕೆ ಒತ್ತುವ ಬಾರ್‌ಬೆಲ್ ಪ್ರೆಸ್ ಐದು ತಿಂಗಳಿಂದ 40 ಕೆಜಿಯಲ್ಲೇ ಕಚ್ಚಿಕೊಂಡಿದೆ. ಕೊನೆಯ ರೆಪ್‌ನಲ್ಲಿ ಬೆನ್ನು ಹಿಂದಕ್ಕೆ ಬಾಗುತ್ತದೆ, ಮಾರನೇ ದಿನ ಸೊಂಟ ಹಿಡಿದುಕೊಳ್ಳುತ್ತದೆ. ಕೂತು ಮಾಡಿದರೆ ಸರಿಹೋಗುತ್ತಾ? ಮಾಡಿ ನೋಡಿದವರು ಹೇಳಿ.

ಸೊಂಟಪಟ್ಟಿ: ನಾನೂ ಹೀಗೇ ಕೆಟ್ಟವನು. 47.5 ಕೆಜಿ ಎತ್ತಿದೆ ಎಂದು ಬೀಗುತ್ತಿದ್ದೆ. ವಿಡಿಯೋ ನೋಡಿದರೆ ಅದು ಪ್ರೆಸ್ಸೇ ಅಲ್ಲ, ಓರೆ ಬೆಂಚಿಗೆ ಒರಗಿ ಎದೆಯಿಂದ ಒತ್ತುವ ಇನ್‌ಕ್ಲೈನ್ ಬೆಂಚನ್ನೇ ನಿಂತುಕೊಂಡು ಮಾಡಿದ ಹಾಗಿತ್ತು! ಸೊಂಟ ಹಿಡಿದು ಏಳು ವಾರ ಬಾರ್ ಮುಟ್ಟಲಿಲ್ಲ. ಮೊದಲ ಎರಡು ವಾರ ಚಪ್ಪಲಿ ಮೆಟ್ಟಲೂ ಗೋಡೆ ಹಿಡಿಯಬೇಕಿತ್ತು. ಆಮೇಲೆ ಬರೀ 20 ಕೆಜಿ ಬಾರ್‌ನಿಂದ ಶುರು. ಕುಂಡೆ ಬಿಗಿ, ಪಕ್ಕೆಲುಬು ಕೆಳಗೆ, ಬಾರ್ ಹಣೆ ದಾಟಿದ ಕೂಡಲೇ ತಲೆ ಮುಂದೆ. ಅರ್ಧರ್ಧ ಕೆಜಿಯ ಎರಡು ಪ್ಲೇಟು ಸೇರಿಸಿ ವಾರಕ್ಕೆ 1 ಕೆಜಿ. 40ಕ್ಕೆ ಮರಳಲು 20 ವಾರ. ಒಂದೊಂದನ್ನೂ ಬರೆದಿಟ್ಟಿದ್ದೇನೆ.

ಒರಗುಬೆಂಚು: ನಾನು ಕೂತೇ ಮಾಡುವುದು. ಮೂರು ವರ್ಷವಾಯಿತು, ಸೊಂಟ ಒಂದು ದಿನವೂ ಕಿರಿಕ್ ಎಂದಿಲ್ಲ. ಆದರೆ ಹಿಂದಿನ ಸ್ಟ್ಯಾಂಡಿನಿಂದ ಬಾರ್ ತೆಗೆಯುವಾಗ ಒಮ್ಮೆ ಬಲಭುಜ ಕಳಕ್ ಎಂದಿತು. ಮೂರು ತಿಂಗಳು ಬರೀ ಡಂಬ್‌ಬೆಲ್, ಅದೂ 8 ಕೆಜಿಯದು. ಅಂಗಿಯ ತೋಳಿಗೆ ಕೈ ಹಾಕಲು ಆಗುತ್ತಿರಲಿಲ್ಲ. ಈಗ ಬಾರ್ ಕೊಡಲು ಒಬ್ಬರು ಹಿಂದೆ ಇದ್ದೇ ಇರಬೇಕು.

ಸೊಂಟಪಟ್ಟಿ: ಬೆನ್ನಿಗೊಂದು ಹಲಗೆ, ಬಾರ್ ಕೊಡಲೊಬ್ಬ ಆಳು. ಪಲ್ಲಕ್ಕಿ ಒಂದು ಬಾಕಿ.

ಒರಗುಬೆಂಚು: ಗೋಡೆ ಹಿಡಿದು ಚಪ್ಪಲಿ ಮೆಟ್ಟಿದವರು ನೀವು, ನಾನಲ್ಲ.

ಹಳೇಬಾರ್: ಬೆನ್ನು ಬಾಗುವ ಜಗಳ ಹಳೆಯದು. ಒಲಿಂಪಿಕ್ಸ್‌ನಿಂದ ಪ್ರೆಸ್ಸನ್ನು ಕೈಬಿಟ್ಟದ್ದೇ ಅದಕ್ಕೆ. 1972ರ ಮ್ಯೂನಿಕ್ ಕೊನೆಯದು, ಅಲ್ಲಿ ಸೋವಿಯತ್ ಲಿಫ್ಟರ್ ಅಲೆಕ್ಸೆಯೆವ್ 235 ಕೆಜಿ ಒತ್ತಿದ. ಎಷ್ಟು ಬಾಗಿದರೆ ತಪ್ಪು ಎಂದು ತೀರ್ಪುಗಾರರಿಗೇ ಹೇಳಲಾಗುತ್ತಿರಲಿಲ್ಲ. ನಾನು ಕತ್ತಿನ ಹಿಂದಿನಿಂದ ಒತ್ತುತ್ತೇನೆ, ಅಲ್ಲಿ ಬಾಗಿದರೆ ಬಾರ್ ತಲೆಗೇ ತಾಗುತ್ತೆ! ಎರಡು ವರ್ಷದಲ್ಲಿ ಭುಜಕ್ಕೆ ಏನೂ ಆಗಿಲ್ಲ. ಎಡಭುಜ ಚಳಿಗೆ ಸ್ವಲ್ಪ ಹಿಡಿಯುತ್ತದೆ, ಅದು ಬೇರೆ.

ಮಣಿಕಟ್ಟು: ಬೇರೆ ಅಂತೆ! ನನಗೂ ಹಾಗೇ ಶುರುವಾಗಿದ್ದು. ಬಾರನ್ನು ಬೆರಳ ಕಡೆ ಹಿಡಿದು ಮಣಿಕಟ್ಟು ಹಿಂದಕ್ಕೆ ಮುರಿಯುತ್ತಿತ್ತು. ನಾಲ್ಕು ತಿಂಗಳು ಪಟ್ಟಿ ಸುತ್ತಿಕೊಂಡು ಓಡಾಡಿದೆ. ಬಾರ್ ಅಂಗೈ ಬುಡಕ್ಕೆ ಬಂದು, ಮೊಣಕೈ ಬಾರ್‌ಗಿಂತ ಚೂರು ಮುಂದೆ ನಿಂತ ಮೇಲೆ ನೋವು ಹೋಯಿತು. 15 ಕೆಜಿ ಬಾರ್‌ನಿಂದ ಶುರು ಮಾಡಿ ಈಗ ಪುಷ್ ಪ್ರೆಸ್ 42.5.

ಸೊಂಟಪಟ್ಟಿ: ಪುಷ್ ಪ್ರೆಸ್ ಲೆಕ್ಕಕ್ಕಿಲ್ಲ. ಮಂಡಿ ಬಗ್ಗಿಸಿ ಕಾಲಿನಿಂದ ಎಸೆದರೆ ಯಾರಾದರೂ ಎತ್ತುತ್ತಾರೆ.

ಮಣಿಕಟ್ಟು: ಯಾರಾದರೂ ಎತ್ತುವುದಾದರೆ ನೀವೂ ಎತ್ತಿ. ಸ್ಟ್ರಿಕ್ಟ್ ಪ್ರೆಸ್ 31 ಇದೆ ನನಗೆ, ಮಂಡಿ ಬಗ್ಗಿಸದೆ, ಬೆನ್ನು ಬಾಗಿಸದೆ. ನಿಮ್ಮ 47.5 ಯಾವ ಲೆಕ್ಕಕ್ಕೆ ಸೇರಿತ್ತು?

ಹಳೇಬಾರ್: ಹೆಬ್ಬೆರಳು ಸುತ್ತದೆ ಹಿಡಿದು ನೋಡಿ, ಮಣಿಕಟ್ಟು ತಾನೇ ನೆಟ್ಟಗಾಗುತ್ತೆ.

ಒರಗುಬೆಂಚು: ಬಾರ್ ಜಾರಿ ತಲೆ ಮೇಲೆ ಬಿದ್ದರೆ? ಹೊಸಬರಿಗೆ ಇದನ್ನೆಲ್ಲ ಹೇಳಬೇಡಿ.

ಹಳೇಬಾರ್: ಹೊಸಬರು ಕೇಳಿದ್ದು ಸೊಂಟದ ಬಗ್ಗೆ. ನೀವು ತೋಳಿಗೆ ಕೈ ಹಾಕಲಾಗದ ಕಥೆ ಹೇಳಿದಿರಿ.

ಹೊಸಬ: ಅರ್ಧ ಕೆಜಿ ಪ್ಲೇಟು ನನ್ನ ಬಳಿ ಇಲ್ಲ, 1.25 ಕೆಜಿಯದೇ ಚಿಕ್ಕದು. ಎರಡೂ ಕಡೆ ಸೇರಿ 2.5 ಏರುತ್ತದೆ. ಅದಕ್ಕೇ ಸಿಕ್ಕಿಕೊಂಡಿದ್ದೇನಾ?

ಸೊಂಟಪಟ್ಟಿ: ಮಣಿಕಟ್ಟು ಅವರೇ, ಆ 31ರ ವಿಡಿಯೋ ಹಾಕಿ. ಪಕ್ಕದಿಂದ ತೆಗೆದದ್ದು, ಮಂಡಿ ಕಾಣುವ ಹಾಗೆ.