ರಾಂಪತ್ರೆ ಜಡ್ಡಿ ಎಷ್ಟು ಸುರಕ್ಷಿತ? ನಕ್ಷೆಯಲ್ಲಿ ಲೆಕ್ಕ ಹಾಕೋದು ಹೇಗೆ?

ಜಡ್ಡಿಮನೆ:
ನಮ್ಮದು ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಊರು. ತೋಟದ ಕೆಲಸ ಕಮ್ಮಿ ಇದ್ದಾಗ ಚಿಕ್ಕಪ್ಪನ ಜೊತೆ ಸುತ್ತಿ 14 ರಾಂಪತ್ರೆ (ಕಾಡು ಜಾಯಿಕಾಯಿ ಜಾತಿಯ ಮರ) ಜಡ್ಡಿಗಳನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡಿದ್ದೇನೆ. ನೋಡದವರಿಗೆ ಹೇಳೋದಾದರೆ, ಬೇಸಿಗೆಯಲ್ಲೂ ನೀರು ಆರದ ಕಾಡು ಅದು. ಕೆಸರಿನಿಂದ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಎದ್ದಿರುತ್ತವೆ. ಕತ್ತಲೆಕಾನಿನದು ಹೆಸರಾದದ್ದು, ಉಳಿದವು ಸಣ್ಣ ಸಣ್ಣವು. ಕೆಲವು ಅರ್ಧ ಎಕರೆಯೂ ಇಲ್ಲ.

ಕ್ಯುಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಅಭಯಾರಣ್ಯದ ಗೆರೆ ಹಾಕಿದೆ. 14ರಲ್ಲಿ 11 ಒಳಗೆ. ಅಂದರೆ ಶೇ. 79. ಖುಷಿಯಿಂದ ಚಿಕ್ಕಪ್ಪನಿಗೆ ತೋರಿಸಿದರೆ ನಕ್ಕುಬಿಟ್ಟರು. "ಗೆರೆ ಸರಿ, ನೀರು ಎಲ್ಲಿಂದ ಬರ್ತು ಹೇಳಿ ನೋಡಿದ್ಯ?" ಅಂದರು. ಹಳ್ಳದ ಲೆಕ್ಕದಲ್ಲಿ ಇದನ್ನು ಹೇಗೆ ಮಾಡೋದು?

ಕೊಳ್ಳದಾರಿ:
ಮೊದಲು, ಯಾವ ಗೆರೆ? 2011ರ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಸುಮಾರು 300 ಚದರ ಕಿ.ಮೀ. 2019ರಲ್ಲಿ ಅದು ಶರಾವತಿ ಅಭಯಾರಣ್ಯಕ್ಕೆ ಸೇರಿ, ಒಟ್ಟು 930 ಆಯಿತು. ಹಳೇ ಫೈಲ್ ಇನ್ನೂ ಓಡಾಡ್ತಿದೆ, ನೋಡಿಕೊಳ್ಳಿ. ಅಂದಹಾಗೆ, ಆ ಮೀಸಲಿನ ಹೆಸರಲ್ಲಿ ಅಘನಾಶಿನಿ ಇದ್ದರೂ ಕತ್ತಲೆಕಾನಿನ ನೀರು ಹೋಗೋದು ಶರಾವತಿಗೆ. ಇಡೀ ನದಿ ಹಿಡಿದು ಶೇಕಡಾ ತೆಗೆದರೆ ಜಡ್ಡಿ ಕಾಣೋದೇ ಇಲ್ಲ, ಕರಗಿಹೋಗುತ್ತದೆ. ಒಂದೊಂದು ಜಡ್ಡಿಗೂ ಅದರ ಮೇಲಿನ ಜಲಾನಯನ, ಅಂದರೆ ಅದಕ್ಕೆ ನೀರು ಹರಿದು ಬರುವ ಜಾಗ, ಬೇರೆ ಬೇರೆ ಬರೆಯಿರಿ.

ಜಡ್ಡಿಮನೆ:
2019ರದ್ದೇ ಹಾಕಿದ್ದು. ಬಾಹ್ಯಾಕಾಶದಿಂದ ರಾಡಾರ್‌ನಲ್ಲಿ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಂ ದತ್ತಾಂಶದಿಂದ (ಒಂದೊಂದು ಚೌಕ 30 ಮೀಟರ್) ಜಲಾನಯನ ಬರೆದೆ. ನಾಲ್ಕು ಜಡ್ಡಿಗೆ ಸಿಕ್ಕಿದ್ದು ಎರಡು ಮೂರು ಚೌಕ ಮಾತ್ರ! ಅಷ್ಟರಿಂದ ಒಂದು ಬಿಂದಿಗೆಯೂ ತುಂಬಲಿಕ್ಕಿಲ್ಲ.

ಸೊಪ್ಪಿನಬೆಟ್ಟ:
ಅಲ್ಲೇ ಎಡವಟ್ಟು. ದಟ್ಟ ಕಾಡಲ್ಲಿ ಆ ರಾಡಾರ್ ಓದೋದು ನೆಲ ಅಲ್ಲ, ಹೆಚ್ಚುಕಮ್ಮಿ ಮರದ ತಲೆ. ಸಣ್ಣ ಹಳ್ಳ ಪಕ್ಕಕ್ಕೆ ಜರುಗುತ್ತದೆ. ಮರದಡಿ ಜಿಪಿಎಸ್ಸೂ ಹತ್ತಾರು ಹೆಜ್ಜೆ ಅಲೆಯುತ್ತದೆ. ಹಾಗಾಗಿ ನಿಮ್ಮ ಚುಕ್ಕಿ ದಿಬ್ಬದ ಮೇಲೆ ಕೂತಿರಬೇಕು. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಿಂದ ಹಳ್ಳದ ಗೆರೆ ಎಳೆದು, ಚುಕ್ಕಿಯನ್ನು ಅದಕ್ಕೆ ಸರಿಸಿ. ಆಮೇಲೆ ಮತ್ತೆ ಓಡಿಸಿ.

ಇನ್ನೊಂದು. ಅಭಯಾರಣ್ಯ, ಮೀಸಲು ಅರಣ್ಯ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಮಾಲ್ಕಿ (ಖಾಸಗಿ ಜಮೀನು) ಎಲ್ಲ ಬೇರೆ ಬೇರೆ ಬಣ್ಣ ಇರಲಿ. ಬೆಟ್ಟವನ್ನು "ರಕ್ಷಣೆ ಇಲ್ಲ" ಅಂತ ಸುಮ್ನೆ ಕೆಂಪು ಬಳಿಯಬೇಡಿ. ಅಡಿಕೆ ತೋಟದವರು ಸೊಪ್ಪು ಕಡಿಯುತ್ತಾರೆ, ನಿಜ. ಚೆನ್ನಾಗಿ ನೋಡಿಕೊಂಡ ಬೆಟ್ಟದ ಕೆಳಗೆ ಜಡ್ಡಿ ಉಳಿದದ್ದನ್ನು ನಾನೇ ನೋಡಿದ್ದೇನೆ. (ನನ್ನ ಹೆಸರು ನೋಡಿ ಪಕ್ಷಪಾತ ಅನ್ನಬೇಡಿ!)

ಜಡ್ಡಿಮನೆ:
ಎರಡು ವಾರ ಹಿಡಿಯಿತು. ಚುಕ್ಕಿ ಸರಿಸಿದ ಮೇಲೆ ಜಲಾನಯನ ಸರಿಯಾಗಿ ಬಂತು. ಜಡ್ಡಿಯೂ, ಅದಕ್ಕೆ ನೀರು ಕೊಡುವ ಗುಡ್ಡವೂ ಪೂರ್ತಿ ಗೆರೆಯೊಳಗೆ ಇರೋದು 6 ಮಾತ್ರ. ಐದರದ್ದು ಜಡ್ಡಿ ಒಳಗೆ, ನೆತ್ತಿ ಹೊರಗೆ. ಅದರಲ್ಲಿ ಒಂದರ ಮೇಲ್ಗಡೆ ಹಳ್ಳಕ್ಕೆ ಫೆಬ್ರವರಿಯಿಂದ ಪಂಪು ಇಟ್ಟಿರುತ್ತಾರೆ, ಹೊಸ ಅಡಿಕೆ ಸಸಿಗೆ.

ಪಂಪು ನಮ್ಮದೇ. ಚಿಕ್ಕಪ್ಪನಿಗೆ ನಕ್ಷೆ ಇನ್ನೂ ತೋರಿಸಿಲ್ಲ.