ಸಹಾಯ ಬೇಕು: ಬ್ರೆಕ್ಸಿಟ್ ಸುಂಕ ಕೋಟಾ ಹಂಚಿಕೆಯಲ್ಲಿ ರಾಟರ್‌ಡ್ಯಾಮ್ ಸರಕು ಯಾರ ಪಾಲಿಗೆ?

ಬ್ರಿಟನ್ ಹೊರಬಿದ್ದಾಗ ಯುರೋಪಿಯನ್ ಒಕ್ಕೂಟದ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಸುಂಕ ಕೋಟಾಗಳನ್ನ, ಅಂದ್ರೆ ಕಡಿಮೆ ಸುಂಕದಲ್ಲಿ ಇಷ್ಟು ಪ್ರಮಾಣದವರೆಗೆ ಆಮದು ಮಾಡಬಹುದು ಅನ್ನೋ ಮಿತಿಗಳನ್ನ, 2013–15ರಲ್ಲಿ ಅವು ಎಷ್ಟು ಬಳಕೆಯಾದವು ಅಂತ ನೋಡಿ ಪಾಲು ಮಾಡಿದ್ರಲ್ಲ, ಆ ಲೆಕ್ಕ ಒಂದು ಕಡೆ ಕೂರ್ತಿಲ್ಲ. ಸೂತ್ರವೇನೋ ಸರಳ: ಕೋಟಾದಡಿ ಬ್ರಿಟನ್‌ಗೆ ಬಂದ ಆಮದನ್ನ ಬ್ರಿಟನ್ ಸೇರಿ ಒಕ್ಕೂಟದ 28 ದೇಶಗಳ ಒಟ್ಟು ಕೋಟಾ ಆಮದಿನಿಂದ ಭಾಗಿಸಿ, ಕೋಟಾ ಪ್ರಮಾಣದಿಂದ ಗುಣಿಸೋದು. ನ್ಯೂಜಿಲೆಂಡ್ ಕುರಿಮಾಂಸ ಹೀಗೇ ಹೆಚ್ಚುಕಮ್ಮಿ ಅರ್ಧರ್ಧ ಆಯ್ತು. ಬಳಕೆಯೇ ಇಲ್ಲದ ಕೋಟಾಗೂ ದಾರಿ ಇದೆ, ಅದು ಬಿಡಿ.

ತೊಡಕು ನೆದರ್ಲೆಂಡ್ಸ್‌ನ ಬಂದರು ರಾಟರ್‌ಡ್ಯಾಮ್‌ನದ್ದು. ಅಲ್ಲಿ ಕಸ್ಟಮ್ಸ್ ಕ್ಲಿಯರ್ ಆಗಿ ಆಮೇಲೆ ಬ್ರಿಟನ್‌ಗೆ ಹೋದ ಸರಕು ನೆದರ್ಲೆಂಡ್ಸ್ ಖಾತೆಗೆ ಬೀಳುತ್ತೆ, ಬ್ರಿಟನ್ ಪಾಲು ಕುಗ್ಗುತ್ತೆ. ಇಂಟ್ರಾಸ್ಟಾಟ್ (ಒಕ್ಕೂಟದ ದೇಶಗಳ ನಡುವಿನ ಸರಕು ವ್ಯಾಪಾರದ ಲೆಕ್ಕ) ಅಂಕಿ ಹಿಡಿದು ಸರಿಪಡಿಸೋಕೆ ನೋಡಿದ್ದಾಯ್ತು. ಅದರಲ್ಲಿ ಕೋಟಾ ಸರಕು ಯಾವುದು, ಪೂರ್ತಿ ಸುಂಕ ಕಟ್ಟಿದ್ದು ಯಾವುದು ಅಂತ ಬೇರೆ ಮಾಡೋಕಾಗಲ್ಲ.

ಇಂಥ ಸರಕನ್ನ ಕ್ಲಿಯರ್ ಆದ ದೇಶಕ್ಕೆ ಹಾಕಬೇಕಾ, ಕೊನೆಗೆ ಸರಕು ಬಳಸಿದ ದೇಶಕ್ಕಾ? ಸರಕು ಬಳಸಿದ ದೇಶವೇ ಆಧಾರ ಅನ್ನೋದಾದ್ರೆ, ಗ್ಯಾಟ್ (ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದ) 28ನೇ ವಿಧಿಯ, ಅಂದ್ರೆ ಒಪ್ಪಿಕೊಂಡ ಸುಂಕ ರಿಯಾಯಿತಿ ಬದಲಿಸೋ, ಮಾತುಕತೆಯಲ್ಲಿ ನಿಲ್ಲೋವಂಥ ದತ್ತಾಂಶ ಯಾವುದು?