ಸಹಾಯ ಬೇಕು: 32 ಕಿಲೋ ಇಳಿದ ಮೇಲೆ ಮುಂದಿನ ಗುರಿ ಏನಿರಬೇಕು?

ವೈದ್ಯರ ಮಾರ್ಗದರ್ಶನದಲ್ಲಿ ನನ್ನ ತೂಕ 104 ಕಿಲೋದಿಂದ 72ಕ್ಕೆ ಇಳಿದು ಸ್ಥಿರವಾಗಿದೆ. ಇಷ್ಟು ಕಾಲ ತೂಕದ ಯಂತ್ರ ತೋರಿಸುವ ಅಂಕಿಯೇ ಗುರಿಯಾಗಿದ್ದುದರಿಂದ, ಅದು ಕೈಗೂಡಿದ ಮೇಲೆ ವ್ಯಾಯಾಮಕ್ಕೆ ದಿಕ್ಕೇ ಇಲ್ಲದಂತಾಗಿದೆ. ಕೊಬ್ಬಿನೊಂದಿಗೆ ಸ್ವಲ್ಪ ಸ್ನಾಯುವೂ ಕರಗುವುದರಿಂದ, ಇನ್ನು ಇಳಿಸುವುದಕ್ಕಿಂತ ಬಲ ಗಳಿಸುವುದೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಬಿರುಸಿನ ನಡಿಗೆಯಿಂದಲೇ ಪೂರೈಸುತ್ತಿದ್ದೇನೆ. ಆದರೆ ವಾರಕ್ಕೆ ಎರಡು ದಿನವಾದರೂ ಮಾಡಬೇಕಾದ ಸ್ನಾಯುಬಲದ ವ್ಯಾಯಾಮವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎಲ್ಲೂ ಕೂರದೆ ಹತ್ತಬೇಕೆಂಬುದು ನನ್ನ ಬಹುದಿನದ ಆಸೆ. ಇಂಥ ಹಂತ ದಾಟಿದವರು, ಮಂಡಿಗೆ ಪೆಟ್ಟಾಗದಂತೆ ಗುರಿಗಳನ್ನು ಹೇಗೆ ಏರಿಸುತ್ತ ಹೋದಿರಿ, ಸಸ್ಯಾಹಾರದಲ್ಲೇ ಪ್ರೋಟೀನನ್ನು ಹೇಗೆ ಹೊಂದಿಸಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ.